ಸಭೆಯ ತೀರ್ಪು, ಬೀದಿಯ ತೀರ್ಪು

ಅರೆಕೆರೆಯ ಕೆರೆಯ ಬದಿಯಲ್ಲಿ ಬೆಳಗಿನ ಹೊತ್ತು ನಡೆದಾಡಲು ಬರುವವರಲ್ಲಿ ಹಿರಿಯರದೊಂದು ಸಣ್ಣ ಕೂಟವುಂಟು. ಹೆಚ್ಚಿನವರು ಬೇರೆ ಬೇರೆ ಜಿಲ್ಲೆಗಳಿಂದ ಬಂದು, ಬನ್ನೇರುಘಟ್ಟ ರಸ್ತೆಯ ಎಡಬಲದ ಬಡಾವಣೆಗಳಲ್ಲಿ ನೆಲೆಸಿ, ಕೆಲಸದಿಂದ ನಿವೃತ್ತರಾದವರು. ನಡಿಗೆ ಮುಗಿದ ಮೇಲೆ ಕುಳಿತು ಲೋಕವ್ಯವಹಾರವನ್ನು ವಿಚಾರಿಸುವುದು ಅವರ ನಿತ್ಯವಿಧಿ. ಕನ್ನಡದ ಮೇಷ್ಟರೆಂಬ ಸಲಿಗೆಯಿಂದ ನನಗೂ ಆ ಕೂಟದಲ್ಲಿ ಒಂದು ಮೂಲೆ ದೊರೆತಿದೆ. ಈಚೆಗೆ ಒಂದು ದಿನ ಮಾತು ಹೇಗೋ ತುರ್ತು ಪರಿಸ್ಥಿತಿಯ ಕಡೆಗೆ ಹೊರಳಿ, ಅಲ್ಲಿಂದ 1978ನೆಯ ಇಸವಿಯ ಚಿಕ್ಕಮಗಳೂರಿನ ಉಪಚುನಾವಣೆಗೆ ಬಂದು ನಿಂತಿತು. ಮೂಡಿಗೆರೆಯ ಕಡೆಯ ಹಿರಿಯರೊಬ್ಬರು, "ನಾನು ಮೊದಲ ಸಲ ಮತ ಹಾಕಿದ್ದೇ ಆ ಚುನಾವಣೆಯಲ್ಲಿ. ನಾವು ಆರಿಸಿ ಕಳಿಸಿದ ಹೆಣ್ಣುಮಗಳನ್ನು ಒಂದೂವರೆ ತಿಂಗಳಿಗೇ ಸೆರೆಮನೆಗೆ ತಳ್ಳಿದರಲ್ಲ ಮೇಷ್ಟ್ರೇ, ಅದು ನ್ಯಾಯವೆ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ಸುಮ್ಮನಿರಲಿಲ್ಲ. "ಇಪ್ಪತ್ತೊಂದು ತಿಂಗಳು ದೇಶವನ್ನೇ ಸೆರೆಮನೆ ಮಾಡಿದವರನ್ನು ಒಂದು ವಾರ ಒಳಗಿಟ್ಟರೆ ಅದು ಯಾವ ದೊಡ್ಡ ಅನ್ಯಾಯ?" ಎಂದರು. ದನಿಗಳು ಏರಿದುವು.

ನಾನು ನಡುವೆ ಬಾಯಿ ಹಾಕಿ, "ಲೋಕಸಭೆ ಅವರ ಮೇಲೆ ಹೊರಿಸಿದ ತಪ್ಪು ಯಾವುದು?" ಎಂದು ಕೇಳಿದೆ. ತುರ್ತು ಪರಿಸ್ಥಿತಿಯನ್ನು ಹೇರಿದ್ದು ಎಂದರು ಒಬ್ಬರು. ಅಲ್ಲ, ಮಗನ ಕಾರಿನ ಕಾರ್ಖಾನೆಯ ವಿಷಯವೇನೋ ಇತ್ತು ಎಂದರು ಇನ್ನೊಬ್ಬರು. ಖಚಿತವಾಗಿ ಹೇಳಬಲ್ಲವರು ಆ ಕೂಟದಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಓದಿದವರು, ಪತ್ರಿಕೆಯನ್ನು ಬಿಡದೆ ನೋಡುವವರು. ಅವರಿಗೆ ದಂಡನೆ ನೆನಪಿತ್ತು, ಅಪರಾಧ ಮರೆತಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮನಸ್ಸನ್ನು ಕೊರೆದ ಸಂಗತಿ ಇದು. ಜನತಂತ್ರಕ್ಕೆ ಬಿದ್ದ ಪೆಟ್ಟನ್ನು ಜನರ ಸಭೆಯೇ ಕುಳಿತು ವಿಚಾರಿಸಿದಾಗ, ಜನರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ? ಏನನ್ನು ಉಳಿಸಿಕೊಳ್ಳುತ್ತಾರೆ? ಏನನ್ನು ಬಿಟ್ಟುಬಿಡುತ್ತಾರೆ?

ಮರೆತುಹೋದ ಆ ಅಪರಾಧವನ್ನು ಮೊದಲು ನೆನೆಯೋಣ. ಅದು ಹುಟ್ಟಿದ್ದು ಒಂದು ಪ್ರಶ್ನೆಯಿಂದ. 1975ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಎಂದರೆ ತುರ್ತು ಪರಿಸ್ಥಿತಿ ಇನ್ನೂ ಬಾರದಿದ್ದ ಕಾಲದಲ್ಲಿ, ಸಂಜಯ ಗಾಂಧಿಯವರು ನಡೆಸುತ್ತಿದ್ದ ಮಾರುತಿ ಕಾರ್ಖಾನೆಗೆ ಬಂದ ಯಂತ್ರಗಳನ್ನು ಕುರಿತು ಲೋಕಸಭೆಯಲ್ಲಿ ಪ್ರಶ್ನೆಯೊಂದು ಉತ್ತರಕ್ಕೆ ಬರುವುದಿತ್ತು. ಸದಸ್ಯನು ಪ್ರಶ್ನೆ ಕೇಳುತ್ತಾನೆ; ಮಂತ್ರಿಯು ಉತ್ತರ ಹೇಳುತ್ತಾನೆ; ಆ ಉತ್ತರಕ್ಕೆ ಬೇಕಾದ ಸಂಗತಿಗಳನ್ನು ಕೆಳಗಿನ ಅಧಿಕಾರಿಗಳು ಕಲೆಹಾಕಿ ಕೊಡುತ್ತಾರೆ. ಇದು ದಿನದಿನವೂ ನಡೆಯುವ ಕೆಲಸ. ಹಾಗೆ ಸಂಗತಿಗಳನ್ನು ಕಲೆಹಾಕಲು ಹೊರಟ ನಾಲ್ವರು ಅಧಿಕಾರಿಗಳ ಮೇಲೆ ಒಮ್ಮಿಂದೊಮ್ಮೆ ಕೇಂದ್ರ ತನಿಖಾ ದಳದ ಕಣ್ಣು ಬಿತ್ತು, ಮೊಕದ್ದಮೆಗಳು ಹೂಡಲ್ಪಟ್ಟವು. ಅವರು ಮಾಡಿದ ತಪ್ಪೆಂದರೆ ಉತ್ತರಕ್ಕೆ ಬೇಕಾದ ಕಾಗದಪತ್ರಗಳನ್ನು ಕೇಳಿದ್ದು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಆ ವರ್ಷದ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಮರುದಿನ ಬೆಳಗ್ಗೆ ನಮ್ಮ ಬೆಂಗಳೂರಿನಲ್ಲಿಯೇ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರ ಬಂಧನವಾಯಿತು. ಅವರು ಈ ಊರಿಗೆ ಬಂದಿದ್ದುದು ಚಳವಳಿ ಹೂಡುವುದಕ್ಕಲ್ಲ; ಪಕ್ಷಾಂತರವನ್ನು ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಕೆಲಸಕ್ಕೆ. ಶಾಸನಸಭೆಯ ಸಮಿತಿಯ ಕೋಣೆಯಿಂದ ಸೆರೆಮನೆಯ ಕೋಣೆಗೆ ಅಂದು ಇದ್ದ ದೂರ ಬಹಳ ಸ್ವಲ್ಪ. ಅವರಿದ್ದ ಆ ಕೇಂದ್ರ ಕಾರಾಗೃಹದ ನೆಲವೇ ಇಂದಿನ ಸ್ವಾತಂತ್ರ್ಯ ಉದ್ಯಾನ. ಅಲ್ಲಿ ಸಭೆ ಸೇರುವ ತರುಣರಲ್ಲಿ ಎಷ್ಟು ಮಂದಿಗೆ ಈ ನೆನಪಿದೆಯೋ ನಾನರಿಯೆ.

1977ರಲ್ಲಿ ಸರ್ಕಾರ ಬದಲಾಯಿತು. ನಾಲ್ವರು ಅಧಿಕಾರಿಗಳ ವಿಷಯ ಆ ವರ್ಷದ ನವೆಂಬರಿನಲ್ಲಿ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿಯ ಮುಂದೆ ಹೋಯಿತು. ಸಮರ ಗುಹ ಅದರ ಅಧ್ಯಕ್ಷರು. ಇಂದಿರಾ ಗಾಂಧಿಯವರು ಸಮಿತಿಯ ಮುಂದೆ ಪ್ರಮಾಣ ಮಾಡಿ ಸಾಕ್ಷ್ಯ ಹೇಳಲು ಒಪ್ಪಲಿಲ್ಲ. ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲಾತ್ಕರಿಸಕೂಡದೆಂಬ ಸಂವಿಧಾನದ ವಿಧಿಯನ್ನು ಮುಂದಿಟ್ಟರು. 1978ರ ನವೆಂಬರಿನಲ್ಲಿ ವರದಿ ಸಭೆಗೆ ಬಂದಿತು. ಅಧಿಕಾರಿಗಳನ್ನು ತಡೆದು, ಹೆದರಿಸಿ, ಪೀಡಿಸಿ, ಸುಳ್ಳು ಮೊಕದ್ದಮೆಗಳಲ್ಲಿ ಸಿಕ್ಕಿಸಿದ್ದು ಸಭೆಯ ಹಕ್ಕಿಗೆ ಆದ ಘೋರವಾದ ಚ್ಯುತಿಯೆಂದೂ, ಅದರ ಹೊಣೆ ಹಿಂದಿನ ಪ್ರಧಾನಿಯವರ ಮೇಲೆಯೂ ಅವರ ಕಚೇರಿಯ ಧವನ್ ಮತ್ತು ತನಿಖಾ ದಳದ ನಿರ್ದೇಶಕರಾಗಿದ್ದ ಸೇನ್ ಇವರ ಮೇಲೆಯೂ ಇದೆಯೆಂದೂ ಸಮಿತಿ ಹೇಳಿತು. ಡಿಸೆಂಬರ್ 19ರಂದು ಲೋಕಸಭೆ ತೀರ್ಪು ಕೊಟ್ಟಿತು: ಅಧಿವೇಶನ ಮುಗಿಯುವ ತನಕ ಸೆರೆವಾಸ, ಅದರ ಮೇಲೆ ಸದಸ್ಯತ್ವದಿಂದ ಉಚ್ಚಾಟನೆ. 279 ಮಂದಿ ಆ ತೀರ್ಪಿನ ಪರ. 138 ಮಂದಿ ವಿರುದ್ಧ. ತಿಹಾರ್ ಸೆರೆಮನೆಯಲ್ಲಿ ಅವರಿದ್ದದ್ದು ಡಿಸೆಂಬರ್ 26ರ ವರೆಗೆ, ಒಂದು ವಾರ.

ಇನ್ನು ಬೀದಿಯ ತೀರ್ಪು. ಮರುದಿನವೇ, ಡಿಸೆಂಬರ್ 20ರಂದು, ಇಬ್ಬರು ತರುಣರು ಲಖನೌದಿಂದ ದಿಲ್ಲಿಗೆ ಹೊರಟಿದ್ದ ವಿಮಾನವನ್ನು ಅಪಹರಿಸಿ ವಾರಾಣಸಿಯಲ್ಲಿ ಇಳಿಸಿದರು. ಅವರ ಬೇಡಿಕೆ ಇಂದಿರಾ ಗಾಂಧಿಯವರ ಬಿಡುಗಡೆ; ಕೈಯಲ್ಲಿದ್ದುದು ಆಟಿಕೆಯ ಪಿಸ್ತೂಲು. 1980ರಲ್ಲಿ ಆ ಇಬ್ಬರೂ ಉತ್ತರ ಪ್ರದೇಶದ ವಿಧಾನಸಭೆಗೆ ಆರಿಸಿಬಂದು ಶಾಸಕರಾದರೆಂಬುದನ್ನು ಓದಿದಾಗ ನಗುವುದೋ ಅಳುವುದೋ ತಿಳಿಯದು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತೆ ಪ್ರಧಾನಿಯಾದರು. 1981ರ ಮೇ 7ರಂದು ಹೊಸ ಲೋಕಸಭೆ ಹಳೆಯ ಲೋಕಸಭೆಯ ತೀರ್ಪನ್ನು ರದ್ದುಗೊಳಿಸಿತು. ಸಭೆಯೊಂದು ಬಹುಮತದಿಂದ ಬರೆದುದನ್ನು ಇನ್ನೊಂದು ಸಭೆ ಬಹುಮತದಿಂದಲೇ ಅಳಿಸಿತು. ಹಾಗಾದರೆ ಏಪ್ರಿಲ್ ತಿಂಗಳಿನಲ್ಲಿ ಆ ನಾಲ್ವರಿಗೆ ಆದದ್ದು ಆಯಿತೋ ಆಗಲಿಲ್ಲವೋ? ಕೈ ಎತ್ತಿ ಎಣಿಸುವುದರಿಂದ ತಿಳಿಯುವ ಸಂಗತಿಯೆ ಅದು?

ಚಿಕ್ಕಮಗಳೂರಿನ ಮತದಾರರನ್ನು ಇಲ್ಲಿ ಹಳಿಯುವುದು ಸುಲಭ. ಸುಲಭವಾದುದರಿಂದಲೇ ನಾವು ಹಾಗೆ ಮಾಡಬಾರದು. ಡಿ. ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಆ ಕ್ಷೇತ್ರದಲ್ಲಿ, ವೀರೇಂದ್ರ ಪಾಟೀಲರಂಥ ಘನವಂತರನ್ನು ಇದಿರಿಸಿ, 70,000ಕ್ಕೂ ಮಿಕ್ಕ ಮತಗಳ ಅಂತರದಿಂದ ಇಂದಿರಾ ಗಾಂಧಿಯವರು ಗೆದ್ದರು. ಉತ್ತರ ಭಾರತದಲ್ಲಿ ತುರ್ತು ಪರಿಸ್ಥಿತಿಯೆಂದರೆ ಬಲಾತ್ಕಾರದ ಶಸ್ತ್ರಚಿಕಿತ್ಸೆ, ಕೆಡವಿದ ಗುಡಿಸಲು. ನಮ್ಮಲ್ಲಿ ಅದೇ ವರ್ಷಗಳು ದೇವರಾಜ ಅರಸರ ಭೂಸುಧಾರಣೆಯ ವರ್ಷಗಳೂ ಆಗಿದ್ದುವು. ಗೇಣಿಯ ಒಕ್ಕಲಿಗೆ ಉಳುವ ನೆಲ ತನ್ನದಾದ ಕಾಲವನ್ನು ಅವನು ಕರಾಳವೆಂದು ಕರೆಯಲಿಲ್ಲ. 1977ರಲ್ಲಿ ದೇಶದ ಉತ್ತರಾರ್ಧ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ, ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಅದಕ್ಕೇ ಕೊಟ್ಟಿತು. ಇದು ಅಜ್ಞಾನವಲ್ಲ, ತನ್ನ ಅನುಭವದ ತಕ್ಕಡಿಯಲ್ಲಿ ತೂಗಿದ ತೂಕ. ಆದರೆ ಆ ತಕ್ಕಡಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು 1977ರ ಜನವರಿಯಲ್ಲಿ ತೀರಿಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿಯವರ ಪ್ರಾಣಕ್ಕೆ ತೂಕ ದೊರೆಯಲಿಲ್ಲ. ದೂರದ ದಿಲ್ಲಿಯ ನಾಲ್ವರು ಗುಮಾಸ್ತರಿಗಂತೂ ಎಲ್ಲಿಂದ ದೊರೆಯಬೇಕು?

ಸಭೆಯ ಕಡೆಯಲ್ಲಿಯೂ ತಪ್ಪಿತ್ತು. ಹಕ್ಕುಚ್ಯುತಿಯ ವಿಚಾರಣೆಯಲ್ಲಿ ಸಭೆಯೇ ಫಿರ್ಯಾದಿ, ಸಭೆಯೇ ತನಿಖೆ ಮಾಡುವುದು, ಸಭೆಯೇ ನ್ಯಾಯಾಧೀಶ, ಸಭೆಯೇ ದಂಡಾಧಿಕಾರಿ. ಅಂದು ಆ ಸಭೆಯ ಬಹುಮತದಲ್ಲಿ ಕುಳಿತಿದ್ದವರಲ್ಲಿ ಅನೇಕರು ಇಂದಿರಾ ಗಾಂಧಿಯವರ ಸೆರೆಮನೆಗಳಿಂದ ಹೊರಗೆ ಬಂದವರು. ಸಭಾಧ್ಯಕ್ಷರ ಪೀಠದಲ್ಲಿದ್ದವರು ನಮ್ಮ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಆರಿಸಿಹೋದ ಕೆ. ಎಸ್. ಹೆಗ್ಡೆಯವರು, 1973ರಲ್ಲಿ ಜ್ಯೇಷ್ಠತೆಯನ್ನು ಮೀರಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಮಾಡಿದಾಗ ಸರ್ವೋಚ್ಚ ನ್ಯಾಯಾಲಯವನ್ನು ತೊರೆದು ಬಂದ ಮೂವರಲ್ಲಿ ಒಬ್ಬರು. ಅವರ ನಡತೆಯಲ್ಲಿ ಲೋಪವಿತ್ತೆಂದು ನಾನು ಹೇಳುತ್ತಿಲ್ಲ. ನೊಂದವರು ನ್ಯಾಯ ಹೇಳಲಾರರೆಂದೂ ಅಲ್ಲ. ನೊಂದವರು ನ್ಯಾಯ ಹೇಳುವಾಗ ಅದು ಸೇಡಿನಂತೆ ಕಾಣದ ಹಾಗೆ ನೋಡಿಕೊಳ್ಳುವ ಹೊಣೆ ಇಮ್ಮಡಿಯಾಗುತ್ತದೆಂಬುದಷ್ಟೇ ನನ್ನ ಮಾತು. ಸಂಗತಿಯನ್ನು ಸ್ಥಾಪಿಸಿ, ಅದನ್ನು ಲೋಕದ ಮುಂದಿಟ್ಟು, ದಂಡನೆಯನ್ನು ನ್ಯಾಯಾಲಯಕ್ಕೆ ಬಿಟ್ಟಿದ್ದರೆ ಜನರ ಕಣ್ಣು ವರದಿಯ ಮೇಲೆ ನಿಲ್ಲುತ್ತಿತ್ತೇನೋ. ಸೆರೆಮನೆಯ ಬಾಗಿಲು ತೆರೆದ ಕ್ಷಣದಲ್ಲಿ ಎಲ್ಲರ ಕಣ್ಣೂ ಆ ಬಾಗಿಲಿನ ಕಡೆಗೆ ತಿರುಗಿದುವು.

ಬಿದ್ದವರ ಕಡೆಗೆ ಮನಸ್ಸು ಒಲಿಯುವುದು ನಮ್ಮ ಜನರ ಹಳೆಯ ಗುಣ. ಅದನ್ನು ನಮ್ಮ ಕವಿಗಳು ಬಲ್ಲರು. ರನ್ನನ ಗದಾಯುದ್ಧವನ್ನು ತರಗತಿಯಲ್ಲಿ ಪಾಠ ಹೇಳುವ ಪ್ರತಿ ವರ್ಷವೂ ನನಗೆ ಒಂದೇ ಅನುಭವ. ಕಾವ್ಯದ ನಾಯಕ ಭೀಮನೆಂದು ನಾನು ಎಷ್ಟು ಹೇಳಿದರೂ, ರಣಭೂಮಿಯಲ್ಲಿ ಒಬ್ಬಂಟಿಯಾಗಿ ಅಲೆದು, ಕರ್ಣನ ಕಳೇಬರದ ಮುಂದೆ ಮರುಗುವ ದುರ್ಯೋಧನನಿಗೇ ಹುಡುಗರ ಕಣ್ಣೀರು ಸಲ್ಲುತ್ತದೆ. ಶತ್ರುವಿನ ಮಗನಾದ ಅಭಿಮನ್ಯುವಿನ ಸಾಹಸಕ್ಕೆ ಅವನು ತಲೆಬಾಗುವಾಗ ಯಾರ ಎದೆ ತಾನೆ ಕರಗದು? ಆದರೆ ರನ್ನನ ದೊಡ್ಡತನವಿರುವುದು ಇಷ್ಟರಲ್ಲಿಯೇ ಅಲ್ಲ. ಅದೇ ಕಾವ್ಯದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಯೂ ಇದೆ. ಕವಿಯು ನಮ್ಮಿಂದ ಕಣ್ಣೀರು ತರಿಸುತ್ತಾನೆ; ಆದರೆ ಆ ಮುಡಿಯನ್ನು ಎಲ್ಲಿಯೂ ಮರೆಯಗೊಡುವುದಿಲ್ಲ. ಮರುಕ ಬೇರೆ, ಮರೆವು ಬೇರೆ. 1978ರ ಡಿಸೆಂಬರಿನಲ್ಲಿ ನಾವು ಮರುಗಿದ್ದು ತಪ್ಪಲ್ಲ. ಮರುಕದ ನೆವದಲ್ಲಿ ಮರೆತದ್ದು ತಪ್ಪು.

ಸಭೆಯು ದಂಡಿಸದೆ ವಿಚಾರಿಸಿದ್ದರೆ ಸಾಕಾಗಿತ್ತೆ? ಹಾಗೆಂದುಕೊಂಡು ಸಮಾಧಾನ ಪಡಲು ನನಗೂ ಆಸೆ. ಆದರೆ ನಮ್ಮ ಕಣ್ಣೆದುರಿನಲ್ಲಿ ಇನ್ನೊಂದು ದೇಶದ ಉದಾಹರಣೆ ನಡೆದುಹೋಗಿದೆ. 2021ನೆಯ ಇಸವಿ ಜನವರಿ 6ರಂದು ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಅಲ್ಲಿನ ಸಂಸತ್ತು ಎಣಿಸಿ ದೃಢಪಡಿಸುತ್ತಿದ್ದಾಗ, ಸೋತ ಪಕ್ಷದ ಗುಂಪೊಂದು ಆ ಭವನದೊಳಕ್ಕೆ ನುಗ್ಗಿತು. ಅಲ್ಲಿನ ಕೆಳಮನೆ ಒಂದು ವಿಶೇಷ ಸಮಿತಿಯನ್ನು ನೇಮಿಸಿತು. ಬೆನ್ನಿ ಥಾಂಪ್ಸನ್ ಅಧ್ಯಕ್ಷರು, ವಿರುದ್ಧ ಪಕ್ಷದ ಲಿಜ್ ಚೇನಿ ಉಪಾಧ್ಯಕ್ಷರು. ಯಾರನ್ನೂ ಶಿಕ್ಷಿಸುವ ಅಧಿಕಾರ ಆ ಸಮಿತಿಗಿರಲಿಲ್ಲ. 2022ರ ಜೂನ್ 9ರ ಮೊದಲ ಬಹಿರಂಗ ವಿಚಾರಣೆಯನ್ನು ಸುಮಾರು 2 ಕೋಟಿ ಜನ ದೂರದರ್ಶನದಲ್ಲಿ ನೋಡಿದರು. ಸಾಕ್ಷಿಗಳಲ್ಲಿ ಹೆಚ್ಚಿನವರು ಆರೋಪಕ್ಕೆ ಒಳಗಾದ ಅಧ್ಯಕ್ಷರ ಪಕ್ಷದವರೇ, ಅವರ ಕೈಕೆಳಗೆ ದುಡಿದವರೇ. ಅದೇ ವರ್ಷದ ಡಿಸೆಂಬರ್ 19ರಂದು ಸಮಿತಿ ಕೊನೆಯ ಸಲ ಬಹಿರಂಗವಾಗಿ ಕೂಡಿ, ಟ್ರಂಪ್ ಅವರ ಮೇಲೆ ಮೊಕದ್ದಮೆ ಹೂಡಬೇಕೆಂದು ನ್ಯಾಯ ಇಲಾಖೆಗೆ ಸೂಚಿಸಿ ಎದ್ದಿತು. ತಾರೀಖು ನಮ್ಮ ತಾರೀಖೇ ಆದದ್ದು ಕೇವಲ ಕಾಕತಾಳೀಯ.

ಜನ ಏನು ಮಾಡಿದರು? ಮೊದಲೇ ನಂಬಿದ್ದವರು ಇನ್ನಷ್ಟು ನಂಬಿದರು. ನಂಬದಿದ್ದವರು ನೋಡಲೇ ಇಲ್ಲ. ಸಮಿತಿ ಏಕಪಕ್ಷೀಯವೆಂಬ ದೂರು ಎದ್ದಿತು. ಆ ದೂರಿಗೆ ಅಲ್ಪ ಸ್ವಲ್ಪ ಆಧಾರವೂ ಇತ್ತು; ವಿರುದ್ಧ ಪಕ್ಷದ ನಾಯಕರು ಸೂಚಿಸಿದ್ದವರಲ್ಲಿ ಇಬ್ಬರನ್ನು ಸಭಾಧ್ಯಕ್ಷೆ ಒಪ್ಪದೆ ಹೋದುದರಿಂದ ಆ ಪಕ್ಷ ತನ್ನ ಹೆಸರುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿತ್ತು. ಲಿಜ್ ಚೇನಿಯವರನ್ನು ಅವರ ಪಕ್ಷದ ಮತದಾರರೇ 2022ರ ಆಗಸ್ಟಿನಲ್ಲಿ ಮನೆಗೆ ಕಳುಹಿಸಿದರು. 2024ರಲ್ಲಿ ಟ್ರಂಪ್ ಮತ್ತೆ ಗೆದ್ದರು. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಆ ದಿನದ ಅಪರಾಧಗಳಿಗಾಗಿ ಶಿಕ್ಷೆಗೋ ಮೊಕದ್ದಮೆಗೋ ಒಳಗಾಗಿದ್ದ ಸುಮಾರು 1,500 ಮಂದಿಗೆ ಕ್ಷಮೆ ನೀಡಿದರು. ನಮ್ಮಲ್ಲಿ ಎರಡೂವರೆ ವರ್ಷದಲ್ಲಿ ನಡೆದ ಚಕ್ರ ಅಲ್ಲಿಯೂ ಹೆಚ್ಚುಕಡಮೆ ಅಷ್ಟರಲ್ಲಿಯೇ ಒಂದು ಸುತ್ತು ತಿರುಗಿತು.

ಆದ್ದರಿಂದ ದೋಷವನ್ನೆಲ್ಲ ಸಭೆಯ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ದಂಡಿಸಿದ ಸಭೆಯನ್ನು ಜನ ಸೇಡಿನ ಸಭೆಯೆಂದರು. ದಂಡಿಸದ ಸಭೆಯನ್ನು ನಾಟಕದ ಸಭೆಯೆಂದರು. ಎರಡು ಕಡೆಯೂ ಕೇಳದೆ ಉಳಿದ ಪ್ರಶ್ನೆ ಒಂದೇ: ನಡೆದುದೇನು? ವಿಚಾರಣೆಯೆಂದ ಕೂಡಲೆ ನಾವು ಕೇಳುವುದು, ಯಾರ ಮೇಲೆ? ಮಾಡುತ್ತಿರುವವರು ಯಾರು? ಇದರಿಂದ ಯಾರಿಗೆ ಲಾಭ? ಈ ಪ್ರಶ್ನೆಗಳು ಅನುಚಿತವಲ್ಲ. ಆದರೆ ಇವಿಷ್ಟನ್ನೇ ಕೇಳಿ ಎದ್ದುಹೋಗುವವನು ನ್ಯಾಯದ ಸಭೆಗೆ ಬಂದವನಲ್ಲ, ಕುಸ್ತಿಯ ಕಣಕ್ಕೆ ಬಂದವನು. ಗೆದ್ದವರು ಯಾರೆಂದು ತಿಳಿದರೆ ಅವನಿಗೆ ಸಾಕು.

ಚುನಾವಣೆಯೇ ಕೊನೆಯ ತೀರ್ಪು, ಜನರು ಗೆಲ್ಲಿಸಿದ ಮೇಲೆ ಹಳೆಯ ತಪ್ಪು ತೊಳೆದುಹೋಯಿತು ಎಂಬ ವಾದವೊಂದುಂಟು. 1980ರಲ್ಲಿ ಕರ್ನಾಟಕ 28ರಲ್ಲಿ 27 ಸ್ಥಾನಗಳನ್ನು ಇಂದಿರಾ ಗಾಂಧಿಯವರ ಪಕ್ಷಕ್ಕೆ ಕೊಟ್ಟಾಗ ಈ ವಾದ ಬಹಳ ಕೇಳಿಬಂದಿರಬೇಕು. ಜನರು ಯಾರನ್ನು ಬೇಕಾದರೂ ಆರಿಸಬಹುದು. ಅದು ಅವರ ಹಕ್ಕು, ಅದನ್ನು ಪ್ರಶ್ನಿಸುವವನು ನಾನಲ್ಲ. ಆದರೆ ಮತ ಮುಂದಿನ ಐದು ವರ್ಷದ ಆಳ್ವಿಕೆಯನ್ನು ತೀರ್ಮಾನಿಸಬಲ್ಲುದು; ನಿನ್ನೆ ನಡೆದುದನ್ನು ನಡೆಯದಂತೆ ಮಾಡಲಾರದು. ಲಕ್ಷ ಮತ ಬಿದ್ದರೂ ಸುಳ್ಳು ಮೊಕದ್ದಮೆ ನಿಜವಾಗದು. ಅದೇ ರೀತಿ ಲಕ್ಷ ಮತ ಬೀಳದೆ ಹೋದರೂ ನಿಜವಾದ ಕಾಳಜಿ ಸುಳ್ಳಾಗದು.

ಇನ್ನು ಸಭೆಗಳು ಬರೆದಿಡುವ ವರದಿಗಳಿಂದ ಪ್ರಯೋಜನವೇನು? ಅವುಗಳಿಗೆ ಅಂದಿನ ಜನರಿಗಿಂತ ಮುಂದಿನ ಜನರೇ ನಿಜವಾದ ವಾಚಕರೆಂದು ನನಗೆ ತೋರುತ್ತದೆ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಲು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಷಾ ಆಯೋಗ 1978ರಲ್ಲಿ ಮೂರು ಭಾಗಗಳಲ್ಲಿ ವರದಿ ಕೊಟ್ಟಿತು. 1980ರ ಅನಂತರ ಅದರ ಪ್ರತಿಗಳು ಕಾಣಸಿಗದಷ್ಟು ವಿರಳವಾದುವು. ತಮಿಳುನಾಡಿನ ಹಿರಿಯ ಸಂಸದೀಯರಾಗಿದ್ದ ಇರಾ ಸೆಳಿಯನ್ ಅವರು ಅದನ್ನು ಪತ್ತೆಹಚ್ಚಿ 2010ರಲ್ಲಿ ಮರಳಿ ಪ್ರಕಟಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಯಾರನ್ನೂ ಸೆರೆಮನೆಗೆ ಕಳುಹಿಸುವ ಶಕ್ತಿ ಆ ಪುಸ್ತಕಕ್ಕಿಲ್ಲ. ಅದರಲ್ಲಿ ಹೆಸರಿಸಲ್ಪಟ್ಟವರಲ್ಲಿ ಬಹುಮಂದಿ ಈಗ ಇಲ್ಲ. ಆದರೂ ಒಬ್ಬ ವೃದ್ಧರು ಅದನ್ನು ಉಳಿಸಬೇಕೆಂದು ಹಂಬಲಿಸಿದರು. ಕಳೆದುಹೋದ ತಾಳೆಗರಿಯೊಂದು ದೊರೆತಾಗ ನಮ್ಮ ಪಂಡಿತರು ಪಡುತ್ತಿದ್ದ ಸಂತೋಷ ಇದರ ಜಾತಿಯದೇ.

ಮೇಷ್ಟರಾದ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕುರುಸಭೆಯಲ್ಲಿ ದ್ರೌಪದಿ ಅತ್ತುದನ್ನು ನಾವು ಹುಡುಗರಿಗೆ ಚೆನ್ನಾಗಿ ವರ್ಣಿಸುತ್ತೇವೆ. ಅವಳು ಕೇಳಿದುದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ತನ್ನನ್ನೇ ಮೊದಲು ಸೋತ ಗಂಡನಿಗೆ ತನ್ನನ್ನು ಪಣಕ್ಕೊಡ್ಡುವ ಅಧಿಕಾರವೆಲ್ಲಿತ್ತು ಎಂಬುದು ಆಕೆಯ ಪ್ರಶ್ನೆ. ಅದು ಸಭೆಗೆ ಹಾಕಿದ ಪ್ರಶ್ನೆ. ಭೀಷ್ಮನು ಧರ್ಮ ಸೂಕ್ಷ್ಮವೆಂದು ನುಣುಚಿಕೊಂಡನು. ವಿಕರ್ಣನೊಬ್ಬನು ಎದ್ದು ನಿಂತು, ಆಕೆ ಕೇಳಿದ್ದಕ್ಕೆ ಉತ್ತರ ಹೇಳಿರೆಂದನು. ಉತ್ತರ ಬರಲಿಲ್ಲ. ಆ ಕುಲಕ್ಕೆ ಬಂದ ಕೇಡಿನ ಮೊದಲ ಗುರುತು ಯುದ್ಧವಲ್ಲ. ಸಭೆಯಲ್ಲಿ ಉತ್ತರವಿಲ್ಲದೆ ಉಳಿದ ಆ ಪ್ರಶ್ನೆ. ಭವನದೊಳಕ್ಕೆ ನುಗ್ಗಿ ಗಾಜು ಒಡೆಯುವುದು ಜನತಂತ್ರದ ಮೇಲಿನ ಒಂದು ಬಗೆಯ ಏಟು. ಅದು ಎಲ್ಲರಿಗೂ ಕಾಣುತ್ತದೆ. ಉತ್ತರ ಸಿದ್ಧಮಾಡುವ ಗುಮಾಸ್ತನ ಮನೆಯ ಬಾಗಿಲನ್ನು ತಟ್ಟುವುದು ಇನ್ನೊಂದು ಬಗೆ. ಅದು ಯಾರಿಗೂ ಕಾಣುವುದಿಲ್ಲ. ಕಾಣದ ಏಟಿಗೆ ಕಣ್ಣೀರಿಲ್ಲ. ಆದ್ದರಿಂದಲೇ ಅದನ್ನು ಬರೆದಿಡಬೇಕು, ಓದಬೇಕು, ಓದಿಸಬೇಕು.

ಮರುದಿನ ಕೆರೆಯ ಬಳಿ ನಾನು ಆ ನಾಲ್ವರು ಅಧಿಕಾರಿಗಳ ಕಥೆಯನ್ನು ಹಿರಿಯರಿಗೆ ಹೇಳಿದೆ. ಮೂಡಿಗೆರೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಸಂಗತಿ ಗೊತ್ತಿದ್ದರೂ ನಾನು ಅಮ್ಮನಿಗೇ ಮತ ಹಾಕುತ್ತಿದ್ದೆ ಮೇಷ್ಟ್ರೇ, ಸುಳ್ಳೇಕೆ ಹೇಳಲಿ. ನಮ್ಮಪ್ಪನಿಗೆ ಗೇಣಿಯ ಗದ್ದೆ ಸಿಕ್ಕಿದ್ದು ಆ ಕಾಲದಲ್ಲಿ" ಎಂದರು. ಸ್ವಲ್ಪ ತಡೆದು, "ಆದರೆ ಆ ನಾಲ್ಕು ಜನ ಆಮೇಲೆ ಏನಾದರು?" ಎಂದು ಕೇಳಿದರು.

ಅವರು ತಮ್ಮ ಮತವನ್ನು ಬದಲಿಸಬೇಕೆಂದು ನಾನು ಬಯಸಿರಲಿಲ್ಲ. ಆ ಕೊನೆಯ ಪ್ರಶ್ನೆ 1978ರಲ್ಲಿಯೇ ನಾಡಿನ ತುಂಬ ಎದ್ದಿದ್ದರೆ, ಸಭೆಯ ತೀರ್ಪಿಗೂ ಬೀದಿಯ ತೀರ್ಪಿಗೂ ನಡುವೆ ಇಷ್ಟು ಅಗಲವಾದ ಹಳ್ಳ ಬೀಳುತ್ತಿರಲಿಲ್ಲ.